ಪಾಲಿಹೌಸ್ ಮೇಲೆ ಶೇಡಿಂಗ್ ಕೋಟಿಂಗ್: ಬೆಳೆಗಾರರು ಪದೇ ಪದೇ ಕೇಳುವ ಪ್ರಶ್ನೆಗಳು

ಶಿವರಾತ್ರಿ ಮುಗಿದು ಬಿಸಿಲು ಏರೋಕೆ ಶುರುವಾದ್ರೆ ಸಾಕು, ದೊಡ್ಡಬಳ್ಳಾಪುರ, ಹೊಸಕೋಟೆ, ಚಿಕ್ಕಬಳ್ಳಾಪುರ, ಕೋಲಾರ ಕಡೆ ಪಾಲಿಹೌಸ್ (ಪ್ಲಾಸ್ಟಿಕ್ ಶೀಟ್ ಹೊದಿಸಿ ಒಳಗೆ ಬೆಳೆ ಬೆಳೆಯೋ ಮನೆ) ಇರೋ ಎಲ್ಲರ ಬಾಯಲ್ಲೂ ಇದೇ ಮಾತು, ಬಿಸಿಲು ತಡೆಯೋಕೆ ಶೀಟಿನ ಹೊರಗಡೆ ಸ್ಪ್ರೇ ಮಾಡೋ ಕೋಟಿಂಗ್ ಹೊಡಿಬೇಕಾ, ಹೊಡೆದ್ರೆ ಯಾವುದು, ಎಷ್ಟು ಅಂತ. ಒಬ್ಬೊಬ್ಬರು ಒಂದೊಂದು ಹೇಳ್ತಾರೆ, ಅಂಗಡಿಯವರು ಇನ್ನೊಂದು ಹೇಳ್ತಾರೆ, ಅದಕ್ಕೆ ಎಲ್ಲಾನೂ ಒಂದೇ ಕಡೆ ಬರೆದಿಡ್ತಿದೀನಿ. ಗಿಡಕ್ಕೆ ಶಾಖ ಬೇಡ, ಆದ್ರೆ ಬೆಳಕು ಬೇಕೇ ಬೇಕು. ಇವೆರಡನ್ನೂ ಬೇರೆ ಬೇರೆಯಾಗಿ ನೋಡೋದು ಕಲಿತ್ರೆ ಕೆಳಗಿರೋ ಅರ್ಧ ಪ್ರಶ್ನೆಗಳಿಗೆ ನೀವೇ ಉತ್ತರ ಹೇಳ್ಕೊಬಹುದು.

ಕೋಟಿಂಗ್ ಅಂದ್ರೆ ಏನು? ಸುಣ್ಣ ಬಳಿಯೋದೇ ತಾನೆ?

ಅಲ್ಲ. ನೋಡೋಕೆ ಸುಣ್ಣದ ನೀರಿನ ಥರನೇ ಇರುತ್ತೆ, ಆದ್ರೆ ಒಳಗಿರೋ ಪುಡಿ ಬೇರೆ, ಅಂಟು ಬೇರೆ. ಮಾರ್ಕೆಟ್‌ನಲ್ಲಿ ಸಿಗೋದನ್ನ ಒಟ್ಟಾರೆ ಮೂರು ಥರ ಅಂತ ಇಟ್ಕೊಳ್ಳಿ. ಮೊದಲನೇದು ಸಾದಾ ಬಿಳಿ ಕೋಟಿಂಗ್, ಚಾಕ್ ಪುಡಿ ಅಂದ್ರೆ ಕ್ಯಾಲ್ಸಿಯಂ ಕಾರ್ಬೊನೇಟ್, ಅದು ಬೆಳಕು ಶಾಖ ಎರಡನ್ನೂ ಹೆಚ್ಚುಕಮ್ಮಿ ಒಂದೇ ಸಮ ಕಮ್ಮಿ ಮಾಡುತ್ತೆ, ಆರಿಸೋ ಬುದ್ಧಿ ಅದಕ್ಕಿಲ್ಲ. ಎರಡನೇದು ಡಿಫ್ಯೂಸ್ ಕೋಟಿಂಗ್, ಇದು ಬೆಳಕನ್ನ ಜಾಸ್ತಿ ತಡೆಯಲ್ಲ, ಬದಲಿಗೆ ನೇರ ಬರೋ ಬಿಸಿಲನ್ನ ಚದುರಿಸಿ ಎಲ್ಲಾ ಕಡೆ ಹರಡುತ್ತೆ. ಮೂರನೇದು ನಿಜವಾದ ಸೆಲೆಕ್ಟಿವ್ ಕೋಟಿಂಗ್, ಇದರಲ್ಲಿರೋ ವಿಶೇಷ ಪಿಗ್ಮೆಂಟು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಿರಣವನ್ನ ವಾಪಸ್ ಕಳಿಸಿ, ಗಿಡಕ್ಕೆ ಬೇಕಾದ ಬೆಳಕನ್ನ ಆದಷ್ಟು ಒಳಗೆ ಬಿಡುತ್ತೆ.

ಈ ವಿದ್ಯೆಯಲ್ಲಿ ಮುಂದಿರೋದು ನೆದರ್ಲೆಂಡ್ಸ್. ರೆಡುಸಾಲ್, ರೆಡುಫ್ಯೂಸ್, ರೆಡುಹೀಟ್ ಅನ್ನೋ ಹೆಸರು ಕೇಳಿರ್ತೀರ, ಅದೇ ಕ್ರಮದಲ್ಲಿ ಸಾದಾ, ಡಿಫ್ಯೂಸ್, ಶಾಖ ತಡೆಯೋದು. ಸುಡ್‌ಲಾಕ್ ಅಂತ ಇನ್ನೊಂದು ಡಚ್ ಬ್ರಾಂಡು, ಅದರಲ್ಲಿ ಎಕ್ಲಿಪ್ಸ್ ನೆರಳಿಗೆ, ಟ್ರಾನ್ಸ್‌ಪಾರ್ ಶಾಖಕ್ಕೆ. ಹೆಸರು ಯಾವುದೇ ಇರ್ಲಿ, ತಗೊಳ್ಳೋಕೆ ಮುಂಚೆ ಇದು ಈ ಮೂರರಲ್ಲಿ ಯಾವ ಜಾತಿ ಅಂತ ಕೇಳಿ. ಬಿಳಿ ಬಕೆಟ್ ಎಲ್ಲಾ ಒಂದೇ ಥರ ಕಾಣುತ್ತೆ, ಸಾದಾ ಚಾಕ್ ಕೋಟಿಂಗಿಗೆ ಸೆಲೆಕ್ಟಿವ್ ರೇಟ್ ಕೊಟ್ಟು ಬರಬೇಡಿ.

ಬೆಳಕು ಬೇರೆ ಶಾಖ ಬೇರೆ ಅಂತೀರಲ್ಲ, ಎರಡೂ ಸೂರ್ಯನಿಂದಲೇ ಬರೋದು ತಾನೆ?

ಬರೋದು ಒಟ್ಟಿಗೇ. ಮಟಮಟ ಮಧ್ಯಾಹ್ನ ನಮ್ಮ ಕಡೆ ಒಂದು ಚದರ ಮೀಟರ್ ಮೇಲೆ ಸುಮಾರು 1000 ವ್ಯಾಟ್‌ನಷ್ಟು ಸೌರಶಕ್ತಿ ಬೀಳುತ್ತೆ. ಅದರಲ್ಲಿ 5% ಆಸುಪಾಸು ಕಣ್ಣಿಗೆ ಕಾಣದ ಯುವಿ (ನೇರಳಾತೀತ) ಕಿರಣ. 400ರಿಂದ 700 ನ್ಯಾನೋಮೀಟರ್ ನಡುವಿನ ಕಣ್ಣಿಗೆ ಕಾಣೋ ಬೆಳಕು ಸುಮಾರು 45%, ಗಿಡ ಊಟ ಮಾಡ್ಕೊಳ್ಳೋದು ಇದರಿಂದ, ಇದನ್ನೇ ಪಾರ್ ಅಂತಾರೆ. ಮಿಕ್ಕಿದ್ದು, ಅಂದ್ರೆ ಹೆಚ್ಚುಕಮ್ಮಿ ಅರ್ಧ, 700ರ ಮೇಲಿನ ಇನ್‌ಫ್ರಾರೆಡ್. ಈ ಅರ್ಧದಿಂದ ಗಿಡ ಊಟ ಮಾಡ್ಕೊಳ್ಳಲ್ಲ, ಎಲೆ ಅದರಲ್ಲಿ ದೊಡ್ಡ ಪಾಲನ್ನ ತಾನೇ ವಾಪಸ್ ತಳ್ಳುತ್ತೆ, ಆದ್ರೆ ತಳ್ಳಿದ್ದೆಲ್ಲ ಹೊರಗೆ ಹೋಗಲ್ಲ, ಕೆಳಗಿನ ಮಣ್ಣು, ಬೆಡ್ಡು, ಪೈಪು ಇವೆಲ್ಲ ಅದನ್ನ ಹೀರ್ಕೊಂಡು ಕಾದು ಒಳಗಿನ ಗಾಳಿನೂ ಕಾಯಿಸ್ತವೆ. ಶೀಟ್ ಮೇಲೆಯೇ ಅದನ್ನ ತಡೆದು ವಾಪಸ್ ಕಳಿಸಿದ್ರೆ ಗಿಡಕ್ಕೆ ನಷ್ಟ ಇಲ್ಲದೆ ಶಾಖ ಕಮ್ಮಿ ಆಗುತ್ತೆ ಅನ್ನೋದು ಸೆಲೆಕ್ಟಿವ್ ಕೋಟಿಂಗ್ ಹಿಂದಿರೋ ಲೆಕ್ಕ.

ಹಾಗಾದ್ರೆ ಇನ್‌ಫ್ರಾರೆಡ್ ತಡೆದ್ರೆ ಶಾಖ ಅರ್ಧಕ್ಕೆ ಅರ್ಧ ಕಮ್ಮಿ ಆಗಿಬಿಡುತ್ತಾ?

ಇಲ್ಲ. ಮೊದಲನೇದಾಗಿ ಯಾವ ಕೋಟಿಂಗೂ ಇನ್‌ಫ್ರಾರೆಡ್ ಪೂರ್ತಿ ತಡೆಯಲ್ಲ, ಒಂದು ಪಾಲು ಮಾತ್ರ ತಡೆಯೋದು. ಎರಡನೇದು, ಕಣ್ಣಿಗೆ ಕಾಣೋ ಬೆಳಕು ಕೂಡ ಕೊನೆಗೆ ಶಾಖನೇ ಆಗುತ್ತೆ, ಗಿಡ ಅದರಲ್ಲಿ ಊಟಕ್ಕೆ ಬಳಸ್ಕೊಳ್ಳೋದು ಕೆಲವೇ ಪರ್ಸೆಂಟು, ಮಿಕ್ಕಿದ್ದೆಲ್ಲ ಎಲೆ ಬಿಸಿ ಮಾಡೋದಕ್ಕೆ ಮತ್ತು ಎಲೆಯಿಂದ ನೀರು ಆವಿಯಾಗೋದಕ್ಕೆ ಹೋಗುತ್ತೆ. ಮೂರನೇದು, ಇನ್‌ಫ್ರಾರೆಡ್ ತಡೆಯೋ ಕೋಟಿಂಗು ಜೊತೆಗೆ ಸ್ವಲ್ಪ ಬೆಳಕನ್ನೂ ತಿನ್ನುತ್ತೆ, ಅದನ್ನ ತಪ್ಪಿಸೋಕಾಗಲ್ಲ.

ಅದಕ್ಕೆ ಯಾರಾದ್ರೂ ಬಂದು "ಶಾಖ 50% ಕಟ್ ಸರ್" ಅಂದ್ರೆ ಎರಡು ನಂಬರ್ ಕೇಳಿ, ಪಾರ್ ಎಷ್ಟು ಪರ್ಸೆಂಟ್ ಒಳಗೆ ಬರುತ್ತೆ, ಇನ್‌ಫ್ರಾರೆಡ್ ಎಷ್ಟು ಪರ್ಸೆಂಟ್ ಒಳಗೆ ಬರುತ್ತೆ. ಈ ಎರಡರ ನಡುವಿನ ಅಂತರಕ್ಕೇ ನೀವು ದುಡ್ಡು ಕೊಡ್ತಿರೋದು. ಎರಡೂ ಒಂದೇ ಇದ್ರೆ ಅದು ಬರೀ ನೆರಳು.

ಒಳಗೆ ಎಷ್ಟು ಡಿಗ್ರಿ ಇಳಿಯುತ್ತೆ, ಒಂದು ನಂಬರ್ ಹೇಳಿ

ಎಲ್ಲರಿಗೂ ಒಂದೇ ನಂಬರ್ ಹೇಳೋರನ್ನ ನಂಬಬೇಡಿ, ಅದು ನಿಮ್ಮ ಪಾಲಿಹೌಸಿನ ಗಾಳಿ ಮೇಲೆ ನಿಂತಿದೆ. ಟಾಪ್ ವೆಂಟ್ (ಬಿಸಿಗಾಳಿ ಹೊರಗೆ ಹೋಗೋಕೆ ಚಾವಣಿಯಲ್ಲಿ ಬಿಟ್ಟಿರೋ ಕಿಂಡಿ) ಚೆನ್ನಾಗಿದ್ದು ಸೈಡಿನ 40 ಮೆಶ್ ನೆಟ್ (ಹುಳ ತಡೆಯೋ ಸಣ್ಣ ಕಣ್ಣಿನ ಬಲೆ) ಕ್ಲೀನಾಗಿದ್ರೆ ಒಳಗಿನ ಗಾಳಿ ಮೊದಲೇ ಹೊರಗಿನದಕ್ಕೆ ಹತ್ತಿರ ಇರುತ್ತೆ, ಅಲ್ಲಿ ಕೋಟಿಂಗ್ ಹೊಡೆದ್ರೆ ಥರ್ಮಾಮೀಟರಲ್ಲಿ ಕಾಣೋ ವ್ಯತ್ಯಾಸ ಚಿಕ್ಕದು. ಗಾಳಿ ಆಡದ, ತಗ್ಗಾದ, ಉದ್ದುದ್ದ ಕಟ್ಟಿರೋ ಪಾಲಿಹೌಸಲ್ಲಿ ವ್ಯತ್ಯಾಸ ದೊಡ್ಡದು. ಇನ್ನು ಹೊರಗೆ 36 ಡಿಗ್ರಿ ಇದ್ದಾಗ ಬರೀ ಕೋಟಿಂಗ್ ನಂಬ್ಕೊಂಡು ಒಳಗೆ 30 ಬರ್ಲಿ ಅಂತ ಕಾಯಬೇಡಿ, ಹೊರಗಿನ ಗಾಳಿಗಿಂತ ಅಷ್ಟು ಕೆಳಗಿಳಿಸೋಕೆ ನೀರು ಆವಿಯಾಗಬೇಕು, ಅಂದ್ರೆ ಫಾಗರ್ (ಮಂಜಿನ ಹಾಗೆ ನೀರು ಚಿಮ್ಮಿಸೋದು), ಪ್ಯಾಡ್ ಫ್ಯಾನ್ (ಒದ್ದೆ ಪ್ಯಾಡ್ ಮೂಲಕ ಗಾಳಿ ಎಳೆಯೋ ಫ್ಯಾನು), ಇಲ್ಲಾಂದ್ರೆ ದಟ್ಟವಾಗಿ ಬೆಳೆದ ಗಿಡಗಳೇ ಆ ಕೆಲಸ ಮಾಡಬೇಕು.

ಕೋಟಿಂಗಿನ ನಿಜವಾದ ಲಾಭ ಎಲೆ ಮೇಲೆ, ಹಣ್ಣಿನ ಮೇಲೆ ಕಾಣೋದು. ನೇರ ಬಿಸಿಲಿಗೆ ಸಿಕ್ಕಿ ನೀರು ಸಾಲದೇ ಇರೋ ಎಲೆ ಗಾಳಿಗಿಂತ ಎಷ್ಟೋ ಬಿಸಿಯಾಗಿರುತ್ತೆ. ಕ್ಯಾಪ್ಸಿಕಂ ಕಾಯಿ ಒಂದು ಮಗ್ಗುಲು ಬೆಳ್ಳಗೆ ಬೆಂದಂಗೆ ಆಗೋದು ಗಾಳಿ ಬಿಸಿಯಿಂದಲ್ಲ, ಆ ಮಗ್ಗುಲಿಗೆ ನೇರ ಬಿಸಿಲು ಬಿದ್ದು ಕಾಯಿ ಚರ್ಮ ಕಾದಿದ್ದರಿಂದ. ಇಂಡಸ್ಟ್ರಿಯಲ್ ಇನ್‌ಫ್ರಾರೆಡ್ ಥರ್ಮಾಮೀಟರ್ ಗನ್ ಒಂದು ಇಟ್ಕೊಂಡು (ಹಣೆಗೆ ಹಿಡಿಯೋದು ಬೇಡ, ಅದು ಮನುಷ್ಯನ ಮೈಬಿಸಿಗೆ ಮಾತ್ರ ಮಾಡಿರೋದು) ಮಧ್ಯಾಹ್ನ ಒಂದು ಗಂಟೆಗೆ ಎಲೆಗೆ, ಕಾಯಿಗೆ ಹಿಡಿದು ನೋಡಿ, ಕೋಟಿಂಗ್ ಇರೋ ಬೇ (ಪಾಲಿಹೌಸಿನ ಒಂದೊಂದು ಅಂಕಣ), ಇಲ್ಲದ ಬೇ ಎರಡರಲ್ಲೂ. ಗೋಡೆಗೆ ನೇತಾಕಿರೋ ಥರ್ಮಾಮೀಟರ್ ಹೇಳದೇ ಇರೋದನ್ನ ಅದು ಹೇಳುತ್ತೆ.

ಒಳಗೆ ಎಳೆಯೋ ಶೇಡ್ ನೆಟ್ ಇದೆಯಲ್ಲ, ಮತ್ತೆ ಇದ್ಯಾಕೆ?

ಇದು ಒಳ್ಳೇ ಪ್ರಶ್ನೆ. ಎಳೆಯೋ ನೆಟ್ಟಿನ ದೊಡ್ಡ ಗುಣ ಅಂದ್ರೆ ಬೇಕಾದಾಗ ಎಳೀಬಹುದು, ಬೇಡದಾಗ ಸರಿಸಬಹುದು. ಬೆಳಿಗ್ಗೆ ಹನ್ನೊಂದರವರೆಗೆ ಪೂರ್ತಿ ಬೆಳಕು ಕೊಟ್ಟು, ಆಮೇಲೆ ಎಳೆದು, ನಾಲ್ಕಕ್ಕೆ ಮತ್ತೆ ಸರಿಸಿ ಬಿಟ್ರೆ ಗಿಡಕ್ಕೆ ಅದಕ್ಕಿಂತ ಸುಖ ಇನ್ನೊಂದಿಲ್ಲ. ಕೋಟಿಂಗ್ ಒಂದ್ಸಲ ಹೊಡೆದ್ರೆ ಬೆಳಿಗ್ಗೆನೂ ಇರುತ್ತೆ, ಮೋಡದ ದಿನವೂ ಇರುತ್ತೆ.

ಆದ್ರೆ ನೆಟ್ ಇರೋದು ಶೀಟಿನ ಒಳಗೆ. ಬಿಸಿಲು ಆಗ್ಲೇ ಒಳಗೆ ಬಂದಾಗಿದೆ, ಹಸಿರು ಅಥವಾ ಕಪ್ಪು ನೆಟ್ ಆದ್ರಂತೂ ಅದು ಬಿಸಿಲು ಹೀರ್ಕೊಂಡು ಗಿಡದ ತಲೆ ಮೇಲೇ ಕಾದು ಕೂರುತ್ತೆ, ಮೇಲೆ ಟಾಪ್ ವೆಂಟಿಗೆ ಹೋಗೋ ಗಾಳಿಗೂ ಅಡ್ಡ. ಕೋಟಿಂಗ್ ಹೊರಗೇ ತಡೆಯುತ್ತೆ, ಗಾಳಿ ದಾರಿಗೆ ಅಡ್ಡ ಬರಲ್ಲ. ಹಾಗಾಗಿ ಎರಡೂ ಇದ್ರೆ ತೆಳುವಾದ ಕೋಟಿಂಗ್ ಮೇಲೆ, ನಡುಮಧ್ಯಾಹ್ನದ ಎರಡು ಮೂರು ಗಂಟೆ ಮಾತ್ರ ನೆಟ್ ಒಳಗೆ, ಇದು ನನಗೆ ಎಲ್ಲಕ್ಕಿಂತ ಸರಿ ಅನ್ಸೋ ಜೋಡಿ. ನೆಟ್ ಹಗಲೆಲ್ಲ ಎಳೆದೇ ಬಿಟ್ಟು ಮೇಲೆ ಗಟ್ಟಿ ಕೋಟಿಂಗೂ ಹೊಡೆಯೋದು ಮಾತ್ರ ಬೇಡವೇ ಬೇಡ, ಯಾಕೆ ಅಂತ ಮುಂದಿನ ಉತ್ತರದಲ್ಲಿ ಲೆಕ್ಕ ಇದೆ.

ನನ್ನ ಬೆಳೆಗೆ ಎಷ್ಟು ಪರ್ಸೆಂಟ್ ಶೇಡ್ ಬೇಕು?

ಇಲ್ಲಿ ನಿಧಾನವಾಗಿ ಓದಿ, ದುಡ್ಡು ಉಳಿಯೋದೂ ಹೋಗೋದೂ ಇಲ್ಲೇ.

ಗಿಡಕ್ಕೆ ಮುಖ್ಯ ಆಗೋದು ಇಡೀ ದಿನದಲ್ಲಿ ಒಟ್ಟು ಎಷ್ಟು ಬೆಳಕು ಸಿಕ್ತು ಅನ್ನೋದು. ಅದನ್ನ ಮೋಲ್ (ಬೆಳಕಿನ ಕಣಗಳನ್ನ ಎಣಿಸೋ ಅಳತೆ) ಲೆಕ್ಕದಲ್ಲಿ ಹೇಳ್ತಾರೆ, ಒಂದು ಚದರ ಮೀಟರಿಗೆ ದಿನಕ್ಕೆ ಇಷ್ಟು ಮೋಲ್ ಅಂತ, ಡಿಎಲ್ಐ ಅನ್ನೋದು ಅದನ್ನೇ. ಬೆಂಗಳೂರು ಸುತ್ತಮುತ್ತ ಏಪ್ರಿಲ್‌ನಲ್ಲಿ ಆಕಾಶ ತಿಳಿಯಾಗಿದ್ರೆ ಹೊರಗೆ 45 ಮೋಲ್ ಆಸುಪಾಸು ಬೀಳುತ್ತೆ. ಎರಡು ವರ್ಷ ಹಳೇ ಶೀಟು, ಮೇಲೆ ಧೂಳು, ಪೈಪಿನ ನೆರಳು ಎಲ್ಲಾ ಸೇರಿ ಒಳಗೆ ಬರೋದು 65% ಅಂತ ಇಟ್ಕೊಳ್ಳಿ, ಅಂದ್ರೆ 29 ಮೋಲ್. ಇದರ ಮೇಲೆ 30% ಕೋಟಿಂಗ್ ಹೊಡೆದ್ರೆ ಉಳಿಯೋದು 20. ಕ್ಯಾಪ್ಸಿಕಂ, ಟೊಮೆಟೊ, ಡಚ್ ರೋಸ್ ಇವೆಲ್ಲ ಬೆಳಕಿನ ಹಸಿವಿರೋ ಬೆಳೆ, 20ಕ್ಕಿಂತ ಕೆಳಗೆ ಹೋದ್ರೆ ಇಳುವರಿಯಲ್ಲಿ ತೋರಿಸ್ತವೆ, ಹಾಗಾಗಿ 30% ಅನ್ನೋದು ಇವಕ್ಕೆ ಗಡಿ. ಜರ್ಬೆರಾ 15ರ ಆಸುಪಾಸಲ್ಲೂ ಚೆನ್ನಾಗಿ ಹೂ ಕೊಡುತ್ತೆ, ಅದಕ್ಕೆ ಸ್ವಲ್ಪ ಜಾಸ್ತಿ ನೆರಳು ನಡೆಯುತ್ತೆ. ಆಂಥೂರಿಯಂ ಲೆಕ್ಕನೇ ಬೇರೆ, ಅದು ಕಾಡಿನ ನೆರಳಲ್ಲಿ ಬೆಳೆಯೋ ಜಾತಿ, 10ರ ಒಳಗೇ ಸಾಕು.

ಈಗ 50% ನೆಟ್ ಹಗಲೆಲ್ಲ ಎಳೆದಿಟ್ಟು ಮೇಲೆ 30% ಕೋಟಿಂಗ್ ಇದ್ರೆ ಏನಾಗುತ್ತೆ ನೋಡಿ. ಎರಡನ್ನೂ ಕೂಡಿಸಿ 80% ಅನ್ನಬಾರದು, ಒಂದಾದ ಮೇಲೆ ಒಂದು ಸೋಸ್ತವೆ. 29ರಲ್ಲಿ ಕೋಟಿಂಗ್ ದಾಟಿದ್ದು 20, ನೆಟ್ ದಾಟಿದ್ದು 10. ಸುಡು ಏಪ್ರಿಲ್‌ನಲ್ಲಿ ನಿಮ್ಮ ಕ್ಯಾಪ್ಸಿಕಂ ಆಂಥೂರಿಯಂಗೆ ಸಾಕಾಗೋ ಬೆಳಕಲ್ಲಿ ನಿಂತಿರುತ್ತೆ, ಹೂ ಉದುರುತ್ತೆ, ನೀವು ಶಾಖಕ್ಕೆ ಉದುರ್ತಿದೆ ಅಂತ ಇನ್ನೂ ನೆರಳು ಮಾಡ್ತೀರ. ಹೂ ಉದುರೋಕೆ ಶಾಖವೂ ಕಾರಣ, ಹಗಲು 32 ದಾಟಿದ್ರೆ ಕ್ಯಾಪ್ಸಿಕಂ ಕಾಯಿ ಕಚ್ಚೋದು ಕಷ್ಟ, ಆದ್ರೆ ಬೆಳಕು ಸಾಲದೇ ಇದ್ರೂ ಗಿಡ ಕಾಯಿ ಸಾಕೋಕಾಗದೆ ಹೂ ಕಳಚುತ್ತೆ. ಎರಡೂ ಹೊರಗಡೆಯಿಂದ ಒಂದೇ ಥರ ಕಾಣೋದೇ ತೊಂದರೆ, ಅದಕ್ಕೆ ಅಳತೆ ಮಾಡದೆ ತೀರ್ಮಾನ ಮಾಡಬೇಡಿ.

ಅಳೆಯೋದು ಹೇಗೆ? ಪಾರ್ ಮೀಟರ್ ರೇಟ್ ಕೇಳಿದ್ರೆ ತಲೆ ತಿರುಗುತ್ತೆ

ಕಣ್ಣಿಗೆ ಕಾಣೋ ಬೆಳಕು ಎಷ್ಟಿದೆ ಅಂತ ಅಳೆಯೋ ಸಾದಾ ಲಕ್ಸ್ ಮೀಟರ್ ಸಾಕು. ಸೂರ್ಯನ ಬೆಳಕಿಗೆ 54 ಲಕ್ಸ್ ಅಂದ್ರೆ ಒಂದು ಚದರ ಮೀಟರಿಗೆ ಸೆಕೆಂಡಿಗೆ ಸುಮಾರು ಒಂದು ಮೈಕ್ರೋಮೋಲ್ (ಮೋಲ್‌ನ ಹತ್ತು ಲಕ್ಷದಲ್ಲಿ ಒಂದು ಪಾಲು), ಹಾಗಾಗಿ ಹೊರಗೆ 1,08,000 ಲಕ್ಸ್ ತೋರಿಸಿದ್ರೆ 2000 ಮೈಕ್ರೋಮೋಲ್. ಬಿಳಿ ಕೋಟಿಂಗ್ ಕೆಳಗೂ ಈ ಲೆಕ್ಕ ನಡೆಯುತ್ತೆ, ಬಣ್ಣದ ಕೋಟಿಂಗ್ ಅಥವಾ ಹಸಿರು ನೆಟ್ ಕೆಳಗೆ ನಡೆಯಲ್ಲ. ಹೊರಗೊಂದು ರೀಡಿಂಗ್, ತಕ್ಷಣ ಒಳಗೆ ಗಿಡದ ತುದಿ ಮಟ್ಟದಲ್ಲಿ ಐದಾರು ಕಡೆ ರೀಡಿಂಗ್ ತಗೊಂಡು ಸರಾಸರಿ ಮಾಡಿ, ಪೈಪಿನ ನೆರಳಿಗೆ ಹಿಡಿಯಬೇಡಿ. ಮೋಡ ಓಡಾಡ್ತಿರೋ ದಿನ ಅಳೆಯೋದೇ ಬೇಡ. ಮೊಬೈಲ್ ಆಪ್ ಅಂದಾಜಿಗೆ ಮಾತ್ರ, ಒಂದು ಫೋನ್ ಇನ್ನೊಂದು ಫೋನಿಗೆ ತಾಳೆ ಆಗಲ್ಲ. ಆದ್ರೆ ಒಂದೇ ಫೋನಲ್ಲಿ ಒಳಗೂ ಹೊರಗೂ ಅಳೆದು ಪರ್ಸೆಂಟ್ ತೆಗೆದ್ರೆ ಏನೂ ಇಲ್ಲದೇ ಇರೋದಕ್ಕಿಂತ ವಾಸಿ.

ಯಾವಾಗ ಹೊಡಿಬೇಕು?

ಡಚ್ಚರ ಕ್ಯಾಲೆಂಡರ್ ನಮಗೆ ಆಗಲ್ಲ. ಅವರಿಗೆ ಬೇಸಿಗೆ ಅಂದ್ರೆ ಜೂನ್ ಜುಲೈ, ವಸಂತದಲ್ಲಿ ಹೊಡೆದು ಚಳಿಗಾಲದ ಮುಂಚೆ ತೆಗೀತಾರೆ. ನಮ್ಮಲ್ಲಿ ಬಿಸಿಲು ಸುಡೋದು ಮಾರ್ಚ್‌ನಿಂದ ಮೇ, ಜೂನ್‌ನಿಂದ ಮೋಡ. ಜುಲೈನಲ್ಲಿ ಹೊರಗೇ 30ರಿಂದ 35 ಮೋಲ್ ಬೀಳೋವಾಗ ಬೇಸಿಗೆಯ 30% ಕೋಟಿಂಗ್ ಹಾಗೇ ಉಳಿದಿದ್ರೆ ಒಳಗೆ ಸಿಗೋದು 15ರಷ್ಟು, ಕ್ಯಾಪ್ಸಿಕಂ ರೋಸ್ ಎರಡೂ ಹಸಿವಿನಲ್ಲಿ ಕೂರ್ತವೆ. ಹಾಗಾಗಿ ಬೆಂಗಳೂರು ಸುತ್ತ ಫೆಬ್ರವರಿ ಕೊನೆ ಅಥವಾ ಮಾರ್ಚ್ ಮೊದಲಲ್ಲಿ ಹೊಡೆದು ರೋಹಿಣಿ ಮಳೆ ಮುಗಿಯೋದರೊಳಗೆ ಹೋಗಿರ್ಬೇಕು ಅನ್ನೋ ಲೆಕ್ಕದಲ್ಲಿ ಪ್ಲಾನ್ ಮಾಡಿ.

ರೋಸ್ ಬೆಳೆಯೋರು ಫೆಬ್ರವರಿ 14ರ ವ್ಯಾಲೆಂಟೈನ್ಸ್ ಡೇ ದಾಟೋವರೆಗೂ ಕೋಟಿಂಗ್ ಕಡೆ ನೋಡಲೇಬೇಡಿ. ಆ ಕಟಾವಿಗೆ ಕಡ್ಡಿ ಉದ್ದ, ಮೊಗ್ಗಿನ ಗಾತ್ರ ಬರೋದು ಜನವರಿಯ ಬೆಳಕಿಂದ, ಆಗ ಶಾಖದ ಕಾಟವೂ ಇಲ್ಲ. ಜರ್ಬೆರಾಗೆ ಮದುವೆ ಸೀಸನ್ ಏಪ್ರಿಲ್ ಮೇನಲ್ಲೇ ಬರೋದ್ರಿಂದ ಮಾರ್ಚ್ ಮಧ್ಯದೊಳಗೆ ಹೊಡೆದು ಮುಗಿಸಿರೋದು ಒಳ್ಳೇದು, ಎಲೆ ಸುಟ್ಟು ಗಿಡ ಸೊರಗಿದ ಮೇಲೆ ನೆರಳು ಮಾಡಿದ್ರೆ ಚೇತರಿಸ್ಕೊಳ್ಳೋ ಹೊತ್ತಿಗೆ ಸೀಸನ್ನೇ ಮುಗಿದಿರುತ್ತೆ.

ಇನ್ನೊಂದು, ಒಂದೇ ದಿನ ಪೂರ್ತಿ 30% ಹೊಡೆಯೋ ಬದಲು ಮೊದಲು 15% ಅಷ್ಟು, ಬಿಸಿಲು ಏರಿದ ಮೇಲೆ ಇನ್ನೊಂದು ತೆಳು ಕೋಟ್. ಕೂಲಿ ಎರಡು ಸಲ ಆಗುತ್ತೆ ನಿಜ, ಆದ್ರೆ ಗಿಡ ಒಮ್ಮೆಲೇ ಕತ್ತಲಿಗೆ ಬಿದ್ದಂಗೆ ಆಗಲ್ಲ, ಮೊದಲ ಕೋಟ್ ಅಳೆದು ನೋಡಿ ಎರಡನೇದನ್ನ ಸರಿ ಮಾಡ್ಕೊಬಹುದು.

ಹೊಡೆದ ಮಾರನೇ ದಿನವೇ ಮಳೆ ಬಂದ್ರೆ?

ಅಶ್ವಿನಿ, ಭರಣಿ ಮಳೆ ಹೇಳಿ ಕೇಳಿ ಬರಲ್ಲ. ಭರಣಿ ಮಳೆ ಬಂದ್ರೆ ಧರಣಿಯೆಲ್ಲ ಬೆಳೆ ಅಂತಾರೆ, ಆದ್ರೆ ಅದು ಗಾಳಿ ಆಲಿಕಲ್ಲು ಎಲ್ಲಾ ಹೊತ್ಕೊಂಡು ಸಂಜೆ ನಾಲ್ಕಕ್ಕೆ ಸುರಿಯುತ್ತೆ. ಚೆನ್ನಾಗಿ ಒಣಗಿದ ಮೇಲೆ ಒಳ್ಳೇ ಕೋಟಿಂಗ್ ಒಂದಷ್ಟು ಮಳೆ ತಡ್ಕೊಳ್ಳುತ್ತೆ, ಹಸಿ ಇದ್ದಾಗಲೇ ಮಳೆ ಬಿದ್ರೆ ಹೋಯ್ತು, ಪಟ್ಟೆ ಪಟ್ಟೆಯಾಗಿ ಇಳಿದುಬಿಡುತ್ತೆ. ಅದಕ್ಕೆ ಬೆಳಿಗ್ಗೆ ಇಬ್ಬನಿ ಆರಿದ ತಕ್ಷಣ ಶುರು ಮಾಡಿ ಹತ್ತು ಹತ್ತೂವರೆ ಒಳಗೆ ಮುಗಿಸಿ, ಮಧ್ಯಾಹ್ನದ ಬಿಸಿಲು ಅದನ್ನ ಒಣಗಿಸ್ಲಿ. ಮೋಡ ಕಟ್ಟೋ ಲಕ್ಷಣ ಇದ್ರೆ ಆ ದಿನ ಬಿಟ್ಟುಬಿಡಿ.

ಅಂದಹಾಗೆ ಎಷ್ಟೋ ಬಿಳಿ ಕೋಟಿಂಗ್ ಒದ್ದೆಯಾದಾಗ ತಿಳಿಯಾಗಿ ಕಾಣುತ್ತೆ, ಪುಡಿಯ ನಡುವಿನ ಸಂದಿಗೆ ನೀರು ತುಂಬಿ ಬೆಳಕು ಚದುರೋದು ಕಮ್ಮಿ ಆಗೋದ್ರಿಂದ ಹಾಗೆ. ಒಣಗಿದ ಮೇಲೆ ಮತ್ತೆ ಬಿಳಿ ಬರುತ್ತೆ, ಹೋಯ್ತು ಅಂತ ಗಾಬರಿ ಬಿದ್ದು ಇನ್ನೊಂದು ಕೋಟ್ ಹೊಡಿಬೇಡಿ.

ಹೊಡೆಯೋ ಕ್ರಮ ಹೇಳಿ

ಮೊದಲು ಶೀಟ್ ತೊಳೀರಿ. ಧೂಳಿನ ಮೇಲೆ ಹೊಡೆದ್ರೆ ಅಂಟೋದು ಧೂಳಿಗೆ, ಶೀಟಿಗಲ್ಲ. ಎಷ್ಟೋ ಸಲ ತೊಳೆದು ಅಳೆದ ಮೇಲೆ ಒಳಗಿನ ಬೆಳಕು ಎಷ್ಟು ಅಂತ ಸರಿಯಾಗಿ ಗೊತ್ತಾಗುತ್ತೆ, ಕೋಟಿಂಗ್ ಲೆಕ್ಕ ಅಲ್ಲಿಂದ ಶುರುವಾಗಬೇಕು.

ಆಮೇಲೆ ಸ್ಯಾಂಪಲ್. ಹಳೇ ಶೀಟಿನ ಮೂರು ತುಂಡನ್ನ ಕಡ್ಡಿ ಚೌಕಟ್ಟಿಗೆ ಕಟ್ಟಿ, ಲೇಬಲಲ್ಲಿ ಹೇಳಿರೋ ಮಿಕ್ಸು, ಅದಕ್ಕಿಂತ ತೆಳು, ಅದಕ್ಕಿಂತ ಗಟ್ಟಿ ಮೂರನ್ನೂ ಹೊಡೆದು ಪೂರ್ತಿ ಒಣಗಿದ ಮೇಲೆ ಕೆಳಗೆ ಲಕ್ಸ್ ಮೀಟರ್ ಹಿಡಿದು ನೋಡಿ. ಹಸಿ ಇದ್ದಾಗ ನೋಡಿ ಸಾಲದು ಅಂತ ಇನ್ನಷ್ಟು ಸುರಿಯೋದೇ ಎಲ್ಲಾ ಕಡೆ ಆಗೋ ಎಡವಟ್ಟು. ಬೋರ್ ನೀರು ತುಂಬಾ ಗಡಸಾಗಿದ್ರೆ ಮಳೆ ನೀರಲ್ಲಿ ಕಲಸಿ. ಡ್ರಮ್ಮಲ್ಲಿ ಕಲಸ್ತಾನೇ ಇರ್ಬೇಕು, ಪಿಗ್ಮೆಂಟ್ ತೂಕ, ತಳಕ್ಕೆ ಕೂರುತ್ತೆ, ನಿಲ್ಲಿಸಿದ್ರೆ ಮೊದಲ ಬೇ ತೆಳು, ಕೊನೇ ಬೇ ಗಟ್ಟಿ.

ಪವರ್ ಸ್ಪ್ರೇಯರ್, ಉದ್ದ ಲ್ಯಾನ್ಸ್ (ಸ್ಪ್ರೇ ಕೋಲು), ಮಂಜಿನ ಹಾಗೆ ಸಣ್ಣ ಹನಿ. ಹನಿ ಸೇರಿ ಹರಿಯೋಕೆ ಶುರುವಾದ್ರೆ ಜಾಸ್ತಿ ಆಯ್ತು ಅಂತ ಅರ್ಥ. ಒಂದೇ ವೇಗದಲ್ಲಿ ನಡೀರಿ, ಗಾಳಿ ಬೀಸ್ತಿದ್ರೆ ನಿಲ್ಲಿಸಿ. ಟಾಪ್ ವೆಂಟಿನ ಇನ್ಸೆಕ್ಟ್ ನೆಟ್ ಮೇಲೆ ಬೀಳದ ಹಾಗೆ ನೋಡ್ಕೊಳ್ಳಿ, ಅದರ ತೂತು ಮುಚ್ಚಿದ್ರೆ ಬಿಸಿಗಾಳಿ ಹೊರಗೆ ಹೋಗಲ್ಲ, ಕೋಟಿಂಗ್ ಹೊಡೆದಿದ್ದಕ್ಕೇ ಒಳಗೆ ಶಾಖ ಜಾಸ್ತಿ ಆಗುತ್ತೆ.

ಕೆಲಸಕ್ಕೆ ಬರೋ ಹುಡುಗರ ಬಗ್ಗೆ ಕೈ ಮುಗಿದು ಕೇಳ್ಕೊತೀನಿ, ಶೀಟ್ ಮೇಲೆ ಕಾಲಿಡಿಸಬೇಡಿ, ಗಟರ್ (ಚಾವಣಿಯ ಮಳೆ ನೀರು ಹರಿಯೋ ದೋಣಿ) ಮೇಲೆ ನಡೆಯೋರಿಗೆ ಬರೀ ಸೊಂಟದ ಬೆಲ್ಟ್ ಅಲ್ಲ, ಭುಜ ತೊಡೆಗೂ ಬರೋ ಫುಲ್ ಬಾಡಿ ಸೇಫ್ಟಿ ಹಾರ್ನೆಸ್, ಹಗ್ಗ ಕಟ್ಟಿಸಿ. ಕೋಟಿಂಗ್ ಬಿದ್ದ ಗಟರ್ ಜಾರುತ್ತೆ, ಮೇಲಿಂದ ಕೆಳಕ್ಕೆ ಐದಾರು ಮೀಟರ್ ಇರುತ್ತೆ. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಕೊಡಿ. ಸಾಧ್ಯ ಆದ್ರೆ ನೆಲದಿಂದಲೇ ಅಥವಾ ಟ್ರಾಕ್ಟರ್ ಟ್ರೈಲರ್ ಮೇಲೆ ನಿಂತು ಹೊಡೆಯೋ ವ್ಯವಸ್ಥೆ ಮಾಡ್ಕೊಳ್ಳಿ.

ಮನೇಲೇ ಸುಣ್ಣ, ಫೆವಿಕಾಲ್ ಸೇರಿಸಿ ಮಾಡ್ಕೊಂಡ್ರೆ ಆಗಲ್ವಾ? ಅಗ್ಗದ ಡಿಸ್ಟೆಂಪರ್?

ಸುಣ್ಣಕ್ಕೂ ಚಾಕ್ ಪುಡಿಗೂ ವ್ಯತ್ಯಾಸ ಇದೆ. ಸುಣ್ಣದ ನೀರಿನ ಪಿಎಚ್ 12ರ ಮೇಲೆ, ಅದು ಅಲ್ಯೂಮಿನಿಯಂ ಪ್ರೊಫೈಲನ್ನ ತಿನ್ನುತ್ತೆ, ಜಿಐ ಪೈಪಿನ ಸತುವಿನ ಲೇಪಕ್ಕೂ ಒಳ್ಳೇದಲ್ಲ, ಹನಿ ಎಲೆ ಮೇಲೆ ಬಿದ್ರೆ ಸುಟ್ಟ ಕಲೆ. ಅದೂ ಅಲ್ದೆ ಗಾಳಿ ತಗೊಂಡು ಅದು ಗಟ್ಟಿ ಕಲ್ಲಿನ ಪದರ ಆಗುತ್ತೆ, ಮಳೆಗಾಲದಲ್ಲಿ ತೆಗೀಬೇಕು ಅಂದ್ರೆ ಉಜ್ಜಬೇಕು, ಉಜ್ಜಿದ್ರೆ ಶೀಟ್ ಗೀರುತ್ತೆ.

ಸಾದಾ ಚಾಕ್ ಪುಡಿ ಪರವಾಗಿಲ್ಲ, ಕೈಯಲ್ಲಿ ದುಡ್ಡಿಲ್ಲದ ವರ್ಷ ಇದನ್ನೇ ಮಾಡಿ ಬೆಳೆ ಉಳಿಸಿಕೊಂಡೋರು ಇದಾರೆ, ಅದರಲ್ಲಿ ತಪ್ಪೇನಿಲ್ಲ. ಆದ್ರೆ ಅಂಟು ಕಮ್ಮಿ ಆದ್ರೆ ಒಂದು ಮಳೆಗೆ ಹೋಗುತ್ತೆ, ಜಾಸ್ತಿ ಆದ್ರೆ ಹೋಗೋದೇ ಇಲ್ಲ, ಅದನ್ನ ಸರಿದೂಗಿಸೋದು ಕಷ್ಟ, ಸೆಲೆಕ್ಟಿವ್ ಗುಣ ಅಂತೂ ಬರಲ್ಲ. ಡಿಸ್ಟೆಂಪರ್, ಎಮಲ್ಷನ್ ಪೇಂಟ್ ಮಾತ್ರ ಬೇಡ, ಗೋಡೆ ಮೇಲೆ ವರ್ಷಗಟ್ಟಲೆ ಇರ್ಲಿ ಅಂತ ಮಾಡಿರೋದು ಅದು.

ಡಿಫ್ಯೂಸ್ ಕೋಟಿಂಗ್ ನಮಗೆ ಬೇಕಾ? ನಮ್ಮ ಶೀಟೇ ಡಿಫ್ಯೂಸ್ ಅಂತ ಕೊಟ್ಟಿದಾರೆ

ಡಿಫ್ಯೂಸ್ ಬೆಳಕಿನ ಲಾಭ ನಿಜ. ನೆದರ್ಲೆಂಡ್ಸಿನ ವಾಗೆನಿಂಗನ್ ಯೂನಿವರ್ಸಿಟಿಯವರು ಬೆಳಕು ಚದುರಿಸೋ ಗಾಜಿನ ಕೆಳಗೆ ಟೊಮೆಟೊ, ಸೌತೆ ಬೆಳೆದು ನೋಡಿದಾಗ ಒಳಗೆ ಬರೋ ಬೆಳಕು ಅಷ್ಟೇ ಇದ್ರೂ ಇಳುವರಿ ಜಾಸ್ತಿ ಬಂತು. ನೇರ ಬಿಸಿಲು ಮೇಲಿನ ಎಲೆಗಳಿಗೇ ಬಿದ್ದು ಅವುಗಳಿಗೆ ಜಾಸ್ತಿ ಆಗುತ್ತೆ, ಕೆಳಗಿನವಕ್ಕೆ ಸಿಗಲ್ಲ, ಚದುರಿದ ಬೆಳಕು ಸಂದಿಗೊಂದಿಯಲ್ಲಿ ನುಗ್ಗಿ ಕೆಳಗಿನ ಎಲೆಗೂ ಕೆಲಸ ಕೊಡುತ್ತೆ. ಎತ್ತರ ಬೆಳೆಯೋ ಕ್ಯಾಪ್ಸಿಕಂ, ಟೊಮೆಟೊ, ಸೌತೆಗೆ ಇದು ಮುಖ್ಯ, ನೆಲಕ್ಕಂಟಿ ಬೆಳೆಯೋ ಜರ್ಬೆರಾಗೆ ಅಷ್ಟಿಲ್ಲ.

ನಿಮ್ಮ ಶೀಟ್ ಮೊದಲೇ ಡಿಫ್ಯೂಸ್ ಆಗಿದ್ರೆ ಅದರ ಮೇಲೆ ಮತ್ತೆ ಡಿಫ್ಯೂಸ್ ಕೋಟಿಂಗಿಗೆ ದುಡ್ಡು ಹಾಕೋದು ದಂಡ. ಬಿಸಿಲಲ್ಲಿ ಒಳಗೆ ಹೋಗಿ ನಿಮ್ಮ ಕೈ ನೆರಳು ನೋಡಿ, ಅಂಚು ಚೂಪಾಗಿ ಕಂಡ್ರೆ ಶೀಟ್ ತಿಳಿ, ಮಸುಕಾಗಿ ಕಂಡ್ರೆ ಡಿಫ್ಯೂಸ್.

ಕೋಟಿಂಗ್ ಹೊಡೆದ ಮೇಲೆ ನೀರು ಗೊಬ್ಬರ ಬದಲಾಯಿಸಬೇಕಾ?

ಬದಲಾಯಿಸಲೇಬೇಕು, ಎಲ್ಲರೂ ಮರೆಯೋದು ಇದನ್ನೇ. ಬಿಸಿಲು ಕಮ್ಮಿ ಬಿದ್ರೆ ಗಿಡ ನೀರು ಕುಡಿಯೋದೂ ಕಮ್ಮಿ. ಮೊದಲಿನಷ್ಟೇ ಡ್ರಿಪ್ ಬಿಡ್ತಾ ಹೋದ್ರೆ ಬೆಡ್ ಸದಾ ಹಸಿ, ಬೇರಿಗೆ ಗಾಳಿ ಇಲ್ಲ, ಕೊಳೆ ರೋಗ ಶುರು. ಕೋಕೋಪಿಟ್ (ತೆಂಗಿನ ನಾರಿನ ಪುಡಿ) ಇದ್ರೆ ಕೆಳಗೆ ಬಸಿದು ಬರೋ ನೀರು ದಿನಾ ಅಳೆದು ಅದರ ಇಸಿ (ನೀರಲ್ಲಿ ಕರಗಿರೋ ಲವಣದ ಅಳತೆ) ನೋಡಿ, ಬಸಿಯೋದು ಜಾಸ್ತಿ ಆಗಿದ್ರೆ ಸರದಿ ಕಮ್ಮಿ ಮಾಡಿ. ಮಣ್ಣಿನ ಬೆಡ್ ಆದ್ರೆ ಕೈ ಹಾಕಿ ಹಿಡಿದು ನೋಡಿ. ನೆರಳು, ಹಸಿ, ಗಾಳಿ ಕಮ್ಮಿ ಈ ಮೂರೂ ಸೇರಿದ್ರೆ ಬೂದಿ ರೋಗ, ಬೂಷ್ಟು ಎರಡೂ ಬರೋಕೆ ತಡ ಇಲ್ಲ, ಹಾಗಾಗಿ ಕೋಟಿಂಗ್ ಆದ ಎರಡು ವಾರ ಕೆಳಗಿನ ಎಲೆ ತಿರುವಿ ತಿರುವಿ ನೋಡ್ತಿರಿ.

ನೈಟ್ರೋಜನ್ ಕೂಡ ಸ್ವಲ್ಪ ಹಿಡಿತದಲ್ಲಿರ್ಲಿ, ಬೆಳಕು ಕಮ್ಮಿ ಇರೋವಾಗ ಜಾಸ್ತಿ ಕೊಟ್ರೆ ಗಿಡ ಬರೀ ಸೊಪ್ಪು ಮಾಡುತ್ತೆ.

ಮಳೆಗಾಲಕ್ಕೆ ತೆಗೆಯೋದು ಹೇಗೆ?

ಕೆಲವು ಕೋಟಿಂಗ್ ಮಳೆಗೆ ತಾನೇ ಸವೆದು ಹೋಗೋ ಹಾಗೆ ಮಾಡಿರ್ತಾರೆ, ಕೆಲವಕ್ಕೆ ಅದೇ ಕಂಪನಿಯ ರಿಮೂವರ್ ಬೇಕು. ರಿಮೂವರ್ ಹೊಡೆದು ಅವರು ಹೇಳಿದಷ್ಟು ಹೊತ್ತು ಬಿಟ್ಟು ನೀರು ಹೊಡೆದ್ರೆ ಅಥವಾ ಒಂದು ಒಳ್ಳೇ ಮಳೆ ಬಂದ್ರೆ ಹೋಗುತ್ತೆ. ಕೋಟಿಂಗ್ ತಗೊಳ್ಳೋವಾಗಲೇ ರಿಮೂವರ್ ಸಿಗುತ್ತಾ, ರೇಟೆಷ್ಟು ಅಂತ ಕೇಳಿ, ಇಲ್ಲಾಂದ್ರೆ ಜೂನ್‌ನಲ್ಲಿ ಮೋಡದ ಕೆಳಗೆ ಬಿಳಿ ಚಾವಣಿ ಇಟ್ಕೊಂಡು ಹುಡುಕ್ತಾ ಇರ್ತೀರ.

ಟಾಯ್ಲೆಟ್ ಆಸಿಡ್, ಮ್ಯುರಿಯಾಟಿಕ್ ಆಸಿಡ್ ಹಾಕಿ ತೊಳೆಯೋರಿದಾರೆ. ದಯವಿಟ್ಟು ಬೇಡ. ಚಾಕ್ ಕರಗುತ್ತೆ ನಿಜ, ಜೊತೆಗೆ ಪೈಪಿನ ಸತುವೂ ಕರಗುತ್ತೆ, ಶೀಟಿನೊಳಗೆ ಯುವಿ ತಡೆಯೋ ಸ್ಟೆಬಿಲೈಸರ್ ಕೂಡ ಆಸಿಡ್‌ಗೆ ಕೆಲಸ ಕಳ್ಕೊಳ್ಳುತ್ತೆ, ಮೂರು ವರ್ಷ ಬರಬೇಕಾದ ಶೀಟು ಮುಂಚೆನೇ ಹರೀತದೆ.

ಚಾವಣಿ ನೀರು ಕೃಷಿ ಹೊಂಡಕ್ಕೆ ಹೋಗುತ್ತೆ, ತೊಂದರೆ ಇದೆಯಾ?

ಕೋಲಾರ, ಚಿಕ್ಕಬಳ್ಳಾಪುರದವರಿಗೆ ಹೊಂಡದ ಮಳೆ ನೀರೇ ಜೀವ, ಅದಕ್ಕೆ ಈ ಎಚ್ಚರ ಬೇಕೇ ಬೇಕು. ಹೊಡೆಯೋ ದಿನ ಗಟರ್ ಪೈಪನ್ನ ಹೊಂಡದಿಂದ ತಪ್ಪಿಸಿ ಹೊರಗೆ ತಿರುಗಿಸಿ. ಆಮೇಲಿನ ಮೊದಲೆರಡು ಮಳೆ ನೀರೂ ಹೊರಗೆ ಹೋಗ್ಲಿ, ರಿಮೂವರ್ ಹೊಡೆದಾಗಂತೂ ಒಂದು ಹನಿಯೂ ಹೊಂಡಕ್ಕೆ ಬೇಡ. ಪುಡಿ ಹೊಂಡಕ್ಕೆ ಸೇರಿದ್ರೆ ಡ್ರಿಪ್ ಫಿಲ್ಟರ್ ಕಟ್ಟುತ್ತೆ, ಚಾಕ್ ಆದ್ರೆ ನೀರಿನ ಪಿಎಚ್, ಗಡಸುತನ ಏರುತ್ತೆ. ಗಟರ್ ಪೈಪಿಗೆ ಒಂದು ಟಿ, ಎರಡು ವಾಲ್ವ್ ಹಾಕಿಸ್ಕೊಂಡ್ರೆ ಪ್ರತಿ ವರ್ಷದ ತಲೆನೋವು ತಪ್ಪುತ್ತೆ.

ನಮ್ಮದು ಪ್ರೋ ಟ್ರೇ (ಗುಳಿ ಗುಳಿ ಇರೋ ಸಸಿ ಟ್ರೇ) ನರ್ಸರಿ, ಹೊಡಿಬಹುದಾ?

ತೆಳುವಾಗಿ ಮಾತ್ರ. ಮೊಳಕೆ ಬರೋವಾಗ ನೆರಳು ಚೆನ್ನ, ಆಮೇಲೆ ಅದೇ ನೆರಳಿಗೆ ಸಸಿ ಕಡ್ಡಿ ಹಾಗೆ ಸಣ್ಣಗೆ ಉದ್ದ ಎದ್ದು ರೈತರ ಹೊಲದಲ್ಲಿ ಮಲಗುತ್ತೆ. ನರ್ಸರಿಗೆ ಎಳೆಯೋ ನೆಟ್ಟೇ ಉತ್ತಮ, ಕಳಿಸೋಕೆ ಮುಂಚೆ ಬಿಸಿಲಿಗೆ ಒಗ್ಗಿಸೋಕೂ ಅದೇ ಸುಲಭ.

ಉತ್ತರ ಕರ್ನಾಟಕ, ಕರಾವಳಿಗೂ ಇದೇ ಲೆಕ್ಕನಾ?

ಅಲ್ಲ. ಕಲಬುರಗಿ, ರಾಯಚೂರು, ವಿಜಯಪುರ ಕಡೆ ಮೇನಲ್ಲಿ 40 ದಾಟುತ್ತೆ, ಅಲ್ಲಿ ಬರೀ ಕೋಟಿಂಗಿಂದ ಬೆಳೆ ಉಳಿಯಲ್ಲ, ಆದ್ರೆ ಗಾಳಿ ಒಣ ಇರೋದ್ರಿಂದ ಫಾಗರ್, ಪ್ಯಾಡ್ ಫ್ಯಾನ್ ಚೆನ್ನಾಗಿ ಕೆಲಸ ಮಾಡ್ತವೆ, ಕೋಟಿಂಗ್ ಅವುಗಳ ಹೊರೆ ಇಳಿಸುತ್ತೆ, ಕರೆಂಟು ನೀರು ಎರಡೂ ಉಳಿಯುತ್ತೆ. ಇನ್‌ಫ್ರಾರೆಡ್ ತಡೆಯೋ ದುಬಾರಿ ಕೋಟಿಂಗಿಗೆ ರಾಜ್ಯದಲ್ಲಿ ಎಲ್ಲಾದ್ರೂ ಅರ್ಥ ಇದೆ ಅಂದ್ರೆ ಮೊದಲು ಅಲ್ಲಿ ಅಂತ ನನ್ನ ಅಭಿಪ್ರಾಯ. ಮಂಗಳೂರು, ಉಡುಪಿ ಕಡೆ ಉಲ್ಟಾ, ಗಾಳಿಯಲ್ಲೇ ನೀರು ತುಂಬಿರುತ್ತೆ, ಫಾಗರ್ ಹಾಕಿದ್ರೆ ತಂಪಾಗೋ ಬದಲು ರೋಗ ಬರುತ್ತೆ, ಅಲ್ಲಿ ನೆರಳು ಮತ್ತು ಗಾಳಿ ಇವೆರಡೇ ದಾರಿ. ಮಲೆನಾಡಲ್ಲಿ ಜೂನ್ ಮೊದಲ ಮಳೆಗೇ ಎಲ್ಲಾ ತೊಳೆದು ಹೋಗೋದ್ರಿಂದ ಕಮ್ಮಿ ಬಾಳಿಕೆಯ ಸಾದಾ ಕೋಟಿಂಗ್ ಸಾಕು.

ಕೋಟಿಂಗಿಂದ ಶೀಟ್ ಬೇಗ ಹಾಳಾಗುತ್ತಾ?

ಪಾಲಿಥೀನಿಗೆ ಅಂತ ಮಾಡಿದ್ದಾದ್ರೆ ಆಗಲ್ಲ, ಗಾಜಿಗೆ ಅಂತ ಮಾಡಿದ್ದು ಶೀಟಿಗೆ ಸರಿಯಾಗಿ ಅಂಟದೆ ಇರಬಹುದು, ಲೇಬಲ್ ನೋಡಿ. ಶೀಟ್ ಮೊದಲು ಹರಿಯೋದು ಬಿಸಿಯಾದ ಜಿಐ ಪೈಪಿಗೆ ತಾಗೋ ಜಾಗದಲ್ಲಿ, ಅಲ್ಲಿ ಮೇಲ್ಗಡೆ ಬಿಳಿ ಇದ್ರೆ ಪೈಪ್ ಕಾಯೋದು ಕಮ್ಮಿ ಆಗಿ ಶೀಟಿಗೆ ಒಳ್ಳೇದೇ. ಶೀಟಿಗೆ ನಿಜವಾದ ಶತ್ರು ಒಳಗೆ ಹೊಡೆಯೋ ಗಂಧಕ ಮತ್ತು ಕ್ಲೋರಿನ್ ಇರೋ ಔಷಧಿ. ಶೀಟ್ ವಾರಂಟಿ ಇದ್ರೆ ಕೋಟಿಂಗ್ ಹೊಡೆಯೋಕೆ ಮುಂಚೆ ಶೀಟ್ ಕೊಟ್ಟವರ ಹತ್ರ ಬರಹದಲ್ಲಿ ಕೇಳಿ ತಗೊಳ್ಳಿ.

ಕೆಂಪು, ನೀಲಿ ಬಣ್ಣದ ಕೋಟಿಂಗ್ ಬಂದಿದೆಯಂತೆ?

ಬಣ್ಣದಿಂದ ಗಿಡದ ಎತ್ತರ, ಕವಲು, ಹೂ ಬರೋ ಸಮಯ ಬದಲಾಗೋದು ನಿಜ, ಇಸ್ರೇಲಿನ ವೊಲ್ಕಾನಿ ಸಂಸ್ಥೆಯಲ್ಲಿ ಬಣ್ಣದ ನೆಟ್ ಮೇಲೆ ಇಂಥ ಕೆಲಸ ತುಂಬಾ ಆಗಿದೆ. ಆದ್ರೆ ಅದು ಬೆಳೆಗೊಂದು, ತಳಿಗೊಂದು ಥರ. ಒಂದು ಬೇಗೆ ಹೊಡೆದು ಪಕ್ಕದ ಬೇ ಜೊತೆ ಹೋಲಿಸಿ ನೋಡದೆ ಇಡೀ ಎಕರೆಗೆ ಹಾಕಬೇಡಿ.

ದುಡ್ಡು ಕಮ್ಮಿ ಇದೆ, ಮೊದಲು ಏನು ಮಾಡ್ಲಿ?

ಸೈಡ್ ನೆಟ್ ತೊಳೀರಿ, ಧೂಳು ಕೂತ ನೆಟ್ಟಲ್ಲಿ ಗಾಳಿ ಸರಿಯಾಗಿ ಬರಲ್ಲ. ಟಾಪ್ ವೆಂಟಿಗೆ ಅಡ್ಡ ಇರೋದನ್ನ ತೆಗೀರಿ. ದಾರಿ ಮೇಲೆ ಮಧ್ಯಾಹ್ನ ನೀರು ಚಿಮುಕಿಸಿ. ಲಕ್ಸ್ ಮೀಟರ್ ತಗೊಳ್ಳಿ. ಆಮೇಲೂ ಎಲೆ ಸುಡ್ತಿದ್ರೆ, ಪಡುವಣ ಬಿಸಿಲು ಬೀಳೋ ಬೇಗಳಿಗೆ, ಬೆಂದ ಕಾಯಿ ಎಲ್ಲಿ ಜಾಸ್ತಿ ಸಿಗ್ತಿದೆಯೋ ಅಲ್ಲಿಗೆ ಮಾತ್ರ ಮೊದಲು ಸಾದಾ ಕೋಟಿಂಗ್ ಹೊಡೀರಿ. ಕೋಟಿಂಗ್ ಇರೋ ಬೇ, ಇಲ್ಲದ ಬೇ ಎರಡರ ಕಟಾವಿನ ತೂಕ, ಎ ಗ್ರೇಡ್ ಎಷ್ಟು ಬಂತು ಅಂತ ಬೇರೆ ಬೇರೆ ಬರೆದಿಡಿ. ಮುಂದಿನ ಫೆಬ್ರವರಿಯಲ್ಲಿ ದುಬಾರಿದು ತಗೊಬೇಕಾ ಬೇಡ್ವಾ ಅಂತ ನಿಮ್ಮ ಪುಸ್ತಕವೇ ಹೇಳುತ್ತೆ.

ಬಕೆಟಲ್ಲಿ ಮಿಕ್ಕಿದ್ದನ್ನ ಮುಂದಿನ ವರ್ಷಕ್ಕೆ ಇಟ್ಕೊಬಹುದಾ?

ನೀರು ಬೆರೆಸದೇ ಇರೋದನ್ನ ಮುಚ್ಚಳ ಬಿಗಿ ಮಾಡಿ ನೆರಳಲ್ಲಿ ಇಟ್ರೆ ಲೇಬಲಲ್ಲಿ ಇರೋ ತಾರೀಖಿನವರೆಗೆ ಇಡಬಹುದು, ಬಳಸೋ ಮುಂಚೆ ತಳದಿಂದ ಚೆನ್ನಾಗಿ ಕಲಸಿ, ಗಂಟು ಕಟ್ಟಿದ್ರೆ ಸೋಸಿ. ನೀರು ಬೆರೆಸಿದ್ದನ್ನ ಅವತ್ತೇ ಮುಗಿಸಿ, ಮಿಕ್ಕಿದ್ದನ್ನ ಚರಂಡಿಗೋ ಕೆರೆ ಕಾಲುವೆಗೋ ಸುರಿಯಬೇಡಿ. ಸ್ಪ್ರೇಯರನ್ನ ಕೆಲಸ ಮುಗಿದ ತಕ್ಷಣ ತೊಳೀರಿ, ನಾಝಲ್ ಒಳಗೆ ಒಣಗಿದ್ರೆ ಹೊಸದೇ ತರಬೇಕಾಗುತ್ತೆ.